ಸಹಿ ಹಾಕಿದ ಮೇಲೆ ಅರ್ಥವಾದ ಪದ

ನನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಡೆದ ಒಂದು ಸಂಗತಿಯನ್ನು ಓದುಗರ ಅವಗಾಹನೆಗೆ ತರಲು ಇಚ್ಛಿಸುತ್ತೇನೆ. ಇದಕ್ಕೆ ಮುಂಚೆ ಕಚೇರಿಯ ಪತ್ರಗಳ ಹೊರತು ಏನನ್ನೂ ಬರೆದವಳಲ್ಲವಾದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯ ಕಚೇರಿಯಲ್ಲಿ ನಾನು ತಾತ್ಕಾಲಿಕ ಸ್ಟೆನೋ ಆಗಿದ್ದೆ. ಆರು ತಿಂಗಳು ಮುಗಿದರೆ ಕೆಲಸ ಖಾಯಂ ಆಗುವುದಿತ್ತು. ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಮ್ಯಾನೇಜರರು ಡಿಕ್ಟೇಷನ್ನಿಗೆ ಕರೆದರು. ನನಗೇ ಕೊಡಬೇಕಾದ ಮೆಮೊ ಅದು. ಬೇರೆ ಟೈಪಿಸ್ಟ್ ಇಲ್ಲದ ಕಾರಣ ನಾನೇ ಬರೆದುಕೊಳ್ಳಬೇಕಾಗಿತ್ತು. ಶೀಘ್ರಲಿಪಿಗೆ ಪದದ ಸದ್ದು ಸಾಕು. ಅರ್ಥ ತಿಳಿಯದೆಯೂ ಬರೆಯಬಹುದು. ಕೆಲಸದ ಬಗ್ಗೆ ನನ್ನ ಧೋರಣೆ ಮೊದಲಿನಿಂದಲೂ 'ಲ್ಯಾಕಡೇಸಿಕಲ್' ಆಗಿದೆ, ಏಳು ದಿನದೊಳಗೆ ಉತ್ತರಿಸತಕ್ಕದ್ದು. ಇಷ್ಟೇ ಮೆಮೊ.

"ಸ್ಪೆಲ್ಲಿಂಗ್, ಸಾರ್?"

ಅವರು ಬೇಸರಿಸದೆ ಒಂದೊಂದೇ ಅಕ್ಷರ ಹೇಳಿದರು. ಅರ್ಥ ಕೇಳುವ ಧೈರ್ಯವಾಗಲಿಲ್ಲ. ಅರ್ಥ ಕೇಳುವ ಸ್ಟೆನೋವನ್ನು ಯಾರು ಖಾಯಂ ಮಾಡುತ್ತಾರೆ?

ಟೈಪು ಮಾಡಿದ ಪ್ರತಿಯನ್ನು ಹೆಡ್ ಕ್ಲಾರ್ಕರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಓದಿದರು.

"ಒಳ್ಳೇದೇ ಇರತ್ತೆ ಬಿಡಮ್ಮ. ಬೈಯೋಕೆ ಯಾರಾದ್ರೂ ಇಷ್ಟುದ್ದ ಪದ ಹುಡುಕ್ತಾರಾ?"

"ಉತ್ತರ ಏನಂತ ಬರೀಲಿ, ಸಾರ್?"

"ಎಲ್ಲಾ ಮೆಮೋಗೂ ಇರೋದು ಒಂದೇ ಉತ್ತರ ಕಣಮ್ಮ. ಅದನ್ನೇ ಹಾಕು. ಕನ್‌ಫರ್ಮ್ ಆದ್ಮೇಲೆ ಸ್ವೀಟ್ ಕೊಡಿಸು."

ಆ ಉತ್ತರ ನನಗೆ ಬಾಯಿಪಾಠವಿತ್ತು: ತಮ್ಮ ಮೆಮೊ ತಲುಪಿದೆ, ಅದರಲ್ಲಿನ ಅಂಶಗಳನ್ನು ಗಮನಿಸಿ ಒಪ್ಪಿಕೊಂಡಿದ್ದೇನೆ. ಸಹಿ ಹಾಕಿ, ದಿನಾಂಕ ನಮೂದಿಸಿ ಒಳಗೆ ಕಳುಹಿಸಿದೆ.

ಸಂಜೆ, ಹೊಸಹಳ್ಳಿಯ ನಮ್ಮ ವಠಾರದಲ್ಲೇ ಇದ್ದ ಇಂಗ್ಲಿಷ್ ಮೇಷ್ಟರ ಮನೆಯಲ್ಲಿ ನಿಘಂಟು ತೆರೆದೆ. ಆಸಕ್ತಿಯಿಲ್ಲದ, ಉದಾಸೀನದ. ಎಷ್ಟೋ ಮಧ್ಯಾಹ್ನ ಊಟದ ಡಬ್ಬಿಯನ್ನೂ ತೆರೆಯದೆ ಟೈಪು ಮಾಡಿದವಳಿಗೆ ಈ ಪದ! ಅದರ ಪ್ರಯೋಗ ನನಗೆ ತಿಳಿಯಲೆಂದು ಮೇಷ್ಟರು ವಿವರಿಸಿದರು.

"ಟೀ ತರೋಕೆ ಹೋಗಿ ಅಲ್ಲೇ ತೂಕಡಿಸೋ ಜವಾನ ಇರ್ತಾನಲ್ಲ, ಅಂಥೋರಿಗೆ ಅನ್ಬಹುದು. ಯಾರಿಗಮ್ಮ ಅಂದ್ರು?"

"ಯಾರಿಗೋ, ಸಾರ್," ಎಂದೆ.

ಮರುದಿನ, ನನ್ನ ಉತ್ತರವನ್ನು ಹಿಂತಿರುಗಿಸಬೇಕೆಂದೂ ಮೆಮೊದ ಅರ್ಥ ನನಗೆ ತಿಳಿದಿರಲಿಲ್ಲವೆಂದೂ ಮ್ಯಾನೇಜರರಲ್ಲಿ ವಿನಂತಿಸಿಕೊಂಡೆ.

"ಸ್ಪೆಲ್ಲಿಂಗ್ ಕೂಡಾ ಹೇಳ್ಕೊಟ್ಟೆನಲ್ರೀ. ಗೊತ್ತಿಲ್ದೆ ಸೈನ್ ಹಾಕ್ತಾರೇನ್ರೀ ಯಾರಾದ್ರೂ? ಇದನ್ನೇ ಕಣ್ರೀ ಲ್ಯಾಕಡೇಸಿಕಲ್ ಅನ್ನೋದು."

ಆರನೆಯ ತಿಂಗಳ ಕೊನೆಯ ದಿನ ಅವರು ಒಂದು ಆದೇಶವನ್ನು ಕೈಬರಹದಲ್ಲಿ ಹೊರಗೆ ಕಳುಹಿಸಿದರು. ಆಪಾದನೆಯನ್ನು ನಾನೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ನನ್ನ ಸೇವೆಯನ್ನು ಮುಂದುವರಿಸಲಾಗುವುದಿಲ್ಲ ಎಂದಿತ್ತು. ಹೆಡ್ ಕ್ಲಾರ್ಕರು ನನ್ನ ಮುಖ ನೋಡದೆ, "ಹೋಗೋಕ್ ಮುಂಚೆ ಇದನ್ನೊಂದು ಟೈಪ್ ಮಾಡ್ಕೊಟ್ಬಿಡಮ್ಮ, ಫೈಲಿಗೆ ಬೇಕು," ಎಂದರು.

ಅದರಲ್ಲಿ ನನಗೆ ತಿಳಿಯದ ಪದ ಒಂದೂ ಇರಲಿಲ್ಲ. ಟೈಪು ಮಾಡಿ, ಓದಿ ನೋಡಿ, ಅವರ ಮೇಜಿನ ಮೇಲಿಟ್ಟು ಹೊರಬಂದೆ.