ಪಿಸ್ತೂಲಿಗೆ ಕಟ್ಟಿದ ದಾರ

"ಅತ್ತಿಗಿ, ಪಿಸ್ತೂಲನ್ನ ಹುಣಸಿಹಣ್ಣು ಹಚ್ಚಿ ತಿಕ್ಕೀರೇನು? ಅದೇನು ಪೂಜಿ ತಂಬಿಗಿ ಅಂದ್ಕೊಂಡೀರಾ?"

ಸಿಂಧನೂರಿನ ಬಂದೂಕಿನ ಅಂಗಡಿಯಲ್ಲಿ, ಬಂದ ಗಿರಾಕಿಗಳೆದುರು, ನನ್ನ ಮೈದುನ ಶರಣಪ್ಪ ಹೀಗೆ ಕೇಳಿದಾಗ ಸೆರಗು ಎಳೆದುಕೊಂಡು ನೆಲ ನೋಡಿದೆ. ಹೌದು ಮೊಮ್ಮಕ್ಕಳೇ, ತಿಕ್ಕಿದ್ದೆ. ಪ್ರತಿ ಮಹಾನವಮಿಗೆ. (ಆಯುಧ ಪೂಜೆಗೆ ಕೊಳಕು ಆಯುಧ ಇಡುವುದೇ?)

ನಿಮ್ಮ ಅಜ್ಜ ಹೋದ ಮೇಲೆ ಅವರ ಪಿಸ್ತೂಲನ್ನು ಆ ಅಂಗಡಿಯಲ್ಲಿ ಜಮಾ ಮಾಡಿದ್ದೆವು. ಅದು ಅವರಪ್ಪನದು, ನಿಜಾಮರ ಕಾಲದ್ದು. ನನ್ನ ಹೆಸರಿಗೆ ಮಾಡಿಕೊಡಿ ಎಂದು ಲಿಂಗಸುಗೂರಿನ ಆಫೀಸಿಗೆ ಅರ್ಜಿ ಹಾಕಿದ್ದೇನೆ. ನಾನು! ಬಸ್ಸಿನಲ್ಲಿ ಕಿಟಕಿ ಸೀಟು ಕೇಳಲೂ ನಾಚುವವಳು. ಲೈಸೆನ್ಸಿನಲ್ಲಿರುವ ಪಿಸ್ತೂಲು ಇದೇ ಎಂದು ಅಂಗಡಿಯವರು ಗುರುತಿಸಿ ಬರೆದುಕೊಡಬೇಕು, ಇಲ್ಲವಾದರೆ ಸರ್ಕಾರಕ್ಕೆ ಒಪ್ಪಿಸಬೇಕು ಎಂದರು ಆಫೀಸಿನವರು.

ಗುರುತು ಎಲ್ಲಿ? ಮೇಲಿನ ಅಕ್ಷರಗಳೆಲ್ಲ ನನ್ನ ಹುಣಸೆಹಣ್ಣಿಗೆ ಸವೆದಿದ್ದವು. ನಂಬರ್ ಮಾತ್ರ ಉಳಿದಿತ್ತು.

ಅಂಗಡಿಯ ಖಾಜಾಸಾಬರು ಕನ್ನಡಕ ಏರಿಸಿದರು. "ನಂಬರ್ ಸಾಲದ್ರಿ ಅಮ್ಮಾ. ಮಾಡಲ್ ಬದಲಾದಾಗೊಮ್ಮೆ ಕಂಪನಿಯವ್ರು ನಂಬರ್ ಮತ್ತ ಒಂದರಿಂದ ಚಾಲೂ ಮಾಡ್ಯಾರ."

ಆಮೇಲೆ ಹೇಳಿದರು ನೋಡಿ, ಅದರ ವಂಶಾವಳಿ! ಮೊದಲ ಮಾದರಿಯ ಮೈಮೇಲೆ ಬೆರಳು ಜಾರದಂತೆ ಕೂದಲೆಳೆಯಂಥ ಗೀರುಗಳು, ಹಿಡಿಯ ಬುಡದಲ್ಲೊಂದು ಬಳೆ. ಕುದುರೆ ಸವಾರರು ಪಿಸ್ತೂಲು ಬೀಳದಂತೆ ಅದಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದರಂತೆ. ಎರಡನೆಯದು ಜೇಬಿಗೆ ಇಳಿಯಿತು. ಬಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ತೆಗೆದೇಬಿಟ್ಟರು. ಮೂರನೆಯದರಲ್ಲಿ ಗೀರು ಅಗಲವಾದವು, ಹಿಡಿಯ ಹಿಂದೆ ಇನ್ನೊಂದು ಲಾಕ್ ಬಂತು. ಅಂಗೈ ಒತ್ತದೆ ಗುಂಡು ಹಾರದು. ಸೆರಗು ನೋಡಿ ಇಳಕಲ್ ಸೀರೆ ಗುರುತಿಸುವ ನನಗೆ ಇದೆಲ್ಲ ಎಷ್ಟು ಸಲೀಸಾಗಿ ತಿಳಿಯಿತು! ನಾಚಿಕೆ ಮರೆತು ಮೇಜಿನ ಮೇಲೆ ಬಗ್ಗಿದೆ.

"ಲೈಸೆನ್ಸಿನ್ಯಾಗ ಫಸ್ಟ್ ಮಾಡಲ್ ಅಂತ ಅದ. ಇದಕ್ಕ ಬಳಿನೇ ಇಲ್ಲ. ಇದು ಬ್ಯಾರೇದು ಅಮ್ಮಾ," ಎಂದರು ಖಾಜಾಸಾಬರು.

ಶರಣಪ್ಪ ಎದ್ದೇಬಿಟ್ಟ. "ನಡೀರಿ ಅತ್ತಿಗಿ, ಒಪ್ಪಿಸಿ ಕೈ ತೊಳಕೊಳ್ಳೂಣು. ಈ ವಯಸ್ಸಿನ್ಯಾಗ ಯಾರಿಗೆ ಹೊಡೀತೀರಿ?"

ಯಾರಿಗೂ ಇಲ್ಲ. ನಿಮ್ಮ ಅಜ್ಜ ಒಂದು ಕಾಗೆಗೂ ಹೊಡೆದವರಲ್ಲ. ಆದರೆ ಪ್ರತಿ ಮಹಾನವಮಿಗೆ ಅವರು ಪಿಸ್ತೂಲಿನ ಹಿಡಿ ಹಿಡಿದು ಕೂರುತ್ತಿದ್ದರು. ನಾನು ಅವರ ಬೆರಳುಗಳ ಕೆಳಗೆ ಅರಿಶಿನದ ದಾರ ಸುತ್ತಿ ಗಂಟು ಹಾಕುತ್ತಿದ್ದೆ. ತುಂಬಿದ ಮನೆಯಲ್ಲಿ, ಎಲ್ಲರ ಎದುರು, ನಾನು ಅವರ ಕೈ ಮುಟ್ಟುತ್ತಿದ್ದ ದಿನ ಅದೊಂದೇ. ಅದನ್ನು ಒಪ್ಪಿಸಿಬಿಡುವುದು ಹೇಗೆ?

ದಾರ! ಹಳೆಯದನ್ನು ನಾವು ಬಿಚ್ಚುವುದಿಲ್ಲವಲ್ಲ, ಅದರ ಮೇಲೆಯೇ ಹೊಸದು. ಹಿಡಿಯ ಬುಡದಲ್ಲಿ ಅದು ಎಣ್ಣೆ, ಅರಿಶಿನ ಕುಡಿದು ನಿಂಬೆಹಣ್ಣಿನಂಥ ಗಟ್ಟಿ ಉಂಡೆಯಾಗಿತ್ತು.

"ಸಾಬರ, ಆ ದಾರ ಬಿಚ್ಚಿ ನೋಡೀರೇನು?"

ಯಾರ ದನಿ ಇದು? ನನ್ನದೇ!

"ಪೂಜಾದ ದಾರ, ನಾ ಹೆಂಗ ಮುಟ್ಲಿ ಅಂತ ಬಿಟ್ಟೀನ್ರಿ," ಎಂದು ಅವರು ಕತ್ತರಿ ಚಾಚಿದರು.

"ಕತ್ತರಿ ಬ್ಯಾಡ್ರಿ. ಗಂಟು ಹಾಕಿದಾಕಿ ನಾನು."

ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದೆ. ಕೊನೆಯ ಸುತ್ತು ಕಳಚಿದ್ದೇ, ಟಣ್! ಬಳೆ ಮೇಜಿಗೆ ಬಡಿಯಿತು.

"ಯಾ ಅಲ್ಲಾ! ಫಸ್ಟ್ ಮಾಡಲ್! ಬಣ್ಣ ನೋಡ್ರಿ ಅಮ್ಮಾ, ಕಾರ್ಖಾನ್ಯಾಗ ಹಚ್ಚಿದ ನೀಲಿ ಹಂಗೇ ಅದ!"

ನಾನು ತಿಕ್ಕಿ ತಿಕ್ಕಿ ಹೊಳೆಯಿಸಿದ್ದೆಲ್ಲ ಬೋಳು. ದಾರದಡಿ ಮುಚ್ಚಿಹೋಗಿದ್ದ ಆ ಬೆರಳಗಲ ಉಕ್ಕು ಮಾತ್ರ ನೇರಳೆಹಣ್ಣಿನಂತೆ ಮಿನುಗುತ್ತಿತ್ತು.

"ಅತ್ತಿಗಿ, ಇಷ್ಟು ಮಾತು ಎಲ್ಲಿ ಮುಚ್ಚಿಟ್ಟಿದ್ರಿ?" ಎಂದ ಶರಣಪ್ಪ.

ಖಾಜಾಸಾಬರು ಗುರುತು ಬರೆದುಕೊಟ್ಟರು. ಲಿಂಗಸುಗೂರಿನವರ ಸಹಿಯೊಂದು ಬಾಕಿ. ನಮ್ಮೂರು ಮಸ್ಕಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಸೀಟು ಕೇಳಿ ಪಡೆದೆ!

ಈ ಮಹಾನವಮಿಗೆ ಹುಣಸೆಹಣ್ಣು ಬೇಡ. ದಾರ ನಾನೇ ಸುತ್ತುತ್ತೇನೆ. ಹಿಡಿ ಹಿಡಿದು ಕೂರುವವರು ನಿಮ್ಮಲ್ಲಿ ಯಾರು?