ಚೀಲದಕ್ಕನ ನಾಲ್ಕು ಮಾತು

ನಮ್ಮ ಆಸ್ಪತ್ರೆಯ ಔಷಧಿ ವಿಭಾಗದ ಅಕ್ಕನಿಗೆ ‘ಚೀಲದಕ್ಕ’ ಅಂತ ಹೆಸರಿಟ್ಟವಳು ನಾನೇ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಮೂರನೇ ವಾರ್ಡಿನ ನರ್ಸ್ ನಾನು. ಸೂಜಿ, ಡ್ರಿಪ್ಪು, ಡಾಕ್ಟರ ರೌಂಡು ಅಂತ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಿಗೇ ಈಕೆ ಬರುತ್ತಿದ್ದಳು. ಮಂಚದ ಕೆಳಗಿಂದ ರೋಗಿಯ ಮನೆಯ ಚೀಲ ಎಳೆದು, ಮಾತ್ರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು, “ಇದನ್ನ ಯಾರು ಕೊಟ್ರು? ಯಾವಾಗ ತಗೋತೀರಿ?” ಅಂತ ಶುರು.

“ಅಕ್ಕಾ, ನಿಂಗೆ ಬೇರೆ ಕೆಲ್ಸ ಇಲ್ವಾ? ಔಷಧಿ ಪರಿಶೀಲಿಸಲಾಗಿದೆ ಅಂತ ಫೈಲಲ್ಲಿ ಬರ್ದಿದೀನಲ್ಲ!”

“ಬರ್ದಿದೀಯ, ಸರಿ. ಏನು ಮಾಡ್ದೆ, ಅದನ್ನ ಹೇಳು.”

ಮೈಯೆಲ್ಲ ಉರಿದುಹೋಯಿತು. ವಾರ್ಡಿನಲ್ಲಿ ಕೊಟ್ಟ ಡೋಸುಗಳನ್ನು ಎಣಿಸಿ ನಾನು ಆ ಮಾತು ಬರೆಯುತ್ತಿದ್ದೆ. ಡಾಕ್ಟರು ರಕ್ತಪರೀಕ್ಷೆ ನೋಡಿ ಅದೇ ಮಾತು ಬರೆಯುತ್ತಿದ್ದರು. ಔಷಧಿ ಕೌಂಟರಿನವನು ಚೀಟಿಗೂ ಮಾತ್ರೆಗೂ ಹೋಲಿಸಿ ಅದನ್ನೇ ಬರೆಯುತ್ತಿದ್ದ. ಉಳಿದದ್ದನ್ನು ಇನ್ನೊಬ್ಬರು ನೋಡಿರುತ್ತಾರೆ ಅಂತ ಎಲ್ಲರಿಗೂ ನೆಮ್ಮದಿ. ಹತ್ತು ಮಂದಿ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಹಾಗೆ.

ಅಕ್ಕ ಒಂದು ಹಾಳೆ ತಯಾರಿಸಿದಳು. ‘ಪರಿಶೀಲಿಸಲಾಗಿದೆ’ ಅನ್ನುವುದು ಇನ್ನು ಬೇಡ. ಬದಲಿಗೆ ನಾಲ್ಕು ಮಾತು: ಡೋಸ್ ಎಣಿಸಿದೆ, ಚೀಟಿ ಹೋಲಿಸಿದೆ, ಪರೀಕ್ಷೆಯ ಫಲ ನೋಡಿದೆ, ಚೀಲ ಬಿಚ್ಚಿ ಕೇಳಿದೆ. ಯಾರು ಏನು ಮಾಡಿದರೋ ಅದನ್ನೇ ಬರೆಯಬೇಕು. ಎರಡು ಸಲ ಸಭೆಗೆ ತಂದಳು. ಎರಡು ಸಲವೂ ಹಿರಿಯ ಡಾಕ್ಟರು ಪಕ್ಕಕ್ಕಿಟ್ಟರು. ಎರಡನೇ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವತ್ತು ಅಕ್ಕ ಊಟದ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ಮೂರನೇ ಸಲ ಹಿರಿಯ ಡಾಕ್ಟರು ಸಿಡುಕಿದರು: “ಇವತ್ತು ಮನೆಗೆ ಹೋಗೋ ಯಾವ ರೋಗಿ ಫೈಲಾದ್ರೂ ತಗೊಳ್ಳಮ್ಮ. ಮೂರು ಸಹಿ ಇದ್ದೂ ಒಂದು ತಪ್ಪು ತೋರ್ಸು. ಇಲ್ಲಾಂದ್ರೆ ಈ ವಿಷ್ಯ ಇಲ್ಲಿಗೇ ಬಿಟ್ಬಿಡು.”

ಅಕ್ಕ ತೆಗೆದದ್ದು ನನ್ನ ವಾರ್ಡಿನ ಫೈಲು! ತಲೆಸುತ್ತಿ ಬಿದ್ದು ಬಂದಿದ್ದ ನಿವೃತ್ತ ಬಸ್ ಡ್ರೈವರ್ ಅಜ್ಜ; ಅವರ ಚೀಲಕ್ಕೆ ಅಕ್ಕ ಇನ್ನೂ ಕೈ ಹಾಕಿರಲಿಲ್ಲ. ನಾವೆಲ್ಲ ಹೋದಾಗ ಅವರು ಚಪ್ಪಲಿ ಮೆಟ್ಟಿಕೊಂಡು ಟ್ಯಾಕ್ಸಿ ಕಾಯುತ್ತಿದ್ದರು. ಅಕ್ಕ ಚೀಲ ಬಿಚ್ಚಿದಳು. ಕನ್ನಡಕದ ಡಬ್ಬಿ, ಬಾಚಣಿಗೆ, ನಾಲ್ಕೈದು ಬಿಡಿ ಮಾತ್ರೆ, ಆಮೇಲೆ ಮಾತ್ರೆಯ ಎರಡು ಡಬ್ಬ, ಒಂದು ಕೆಂಪು, ಒಂದು ನೀಲಿ.

“ಎರಡೂ ತಗೋತೀರಾ ಅಜ್ಜ?”

“ಹೂಂ ತಾಯಿ. ಕೆಂಪು ಹಳೇ ಡಾಕ್ಟರದ್ದು, ನೀಲಿ ಹೊಸ ಡಾಕ್ಟರದ್ದು. ಇಬ್ರಿಗೂ ಬೇಜಾರು ಮಾಡ್ಬಾರ್ದಲ್ಲ! ಬೆಳಗ್ಗೆ ಒಂದೇ ಗುಟುಕಿಗೆ ಎರಡೂ.”

ಅಕ್ಕ ಡಬ್ಬ ತಿರುಗಿಸಿ ಸಣ್ಣ ಅಕ್ಷರ ತೋರಿಸಿದಳು. ಕಂಪನಿ ಬೇರೆ, ಒಳಗಿನ ಬಿ.ಪಿ. ಔಷಧಿ ಒಂದೇ. ಡೋಸು ಎರಡು ಪಟ್ಟಾಗಿ ಬಿ.ಪಿ. ಕುಸಿದೇ ಅಜ್ಜ ಬಿದ್ದದ್ದು. ನಾಳೆ ಮತ್ತೆ ಎರಡೂ ನುಂಗಿ, ಈ ಸಲ ಮೆಟ್ಟಿಲ ಮೇಲೆ ಬಿದ್ದಿದ್ದರೆ? ಅಯ್ಯೋ ದೇವರೇ! ಆ ಮೂರು ಸಹಿಗಳಲ್ಲಿ ಒಂದು ನನ್ನದು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

“ಯಾರೂ ಸುಳ್ಳು ಬರ್ದಿಲ್ಲ ಸಾರ್,” ಅಂದಳು ಅಕ್ಕ. “ಅವರವರ ಕೆಲ್ಸ ಅವರು ಮಾಡಿದಾರೆ. ಚೀಲ ಬಿಚ್ಚೋದು ಯಾರ ಪಾಲಿಗೂ ಬಂದಿರ್ಲಿಲ್ಲ, ಅಷ್ಟೆ.”

ಹಿರಿಯ ಡಾಕ್ಟರು ಕೆಂಪು ಡಬ್ಬವನ್ನು ತಾವೇ ಎತ್ತಿ ಜೇಬಿಗಿಟ್ಟುಕೊಂಡರು. “ನಾನು ಸೋತೆ. ಕೊಡಮ್ಮ ಆ ಹಾಳೆ,” ಅಂದು ಕಿಟಕಿಕಟ್ಟೆಯ ಮೇಲೇ ಸಹಿ ಹಾಕಿದರು. ಎಲ್ಲ ವಾರ್ಡುಗಳಿಗೂ, ಅವತ್ತಿನಿಂದಲೇ! ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಏನು ಅಂತ ಗೊತ್ತಿಲ್ಲದೆ ಅಜ್ಜನೂ ತಟ್ಟಿದರು.

ಅಕ್ಕ ನನ್ನ ಕಡೆ ಪೆನ್ನು ಚಾಚಿದಳು. “ಹೊಸ ಹಾಳೇಲಿ ಮೊದಲ್ನೇದು ನೀನೇ ಬರಿ. ಚೀಲ ಬಿಚ್ಚಿ ಕೇಳಿದೆ ಅಂತ.”

“ಬಿಚ್ಚಿದ್ದು ನೀನು. ನಾನು ಹೇಗೆ ಬರೀಲಿ?”

ಉಳಿದದ್ದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದೆ. ಅಜ್ಜನ ಎದುರು ಸ್ಟೂಲ್ ಎಳೆದುಕೊಂಡು ಕೂತು, ಮೊದಲಿಂದ ಬಿಚ್ಚಿದೆ.

“ಮತ್ತೆ ಕೇಳ್ತೀಯಾ ತಾಯಿ? ಟ್ಯಾಕ್ಸಿ ಹೋಗ್ಬಿಡುತ್ತೆ!”

“ಹೋದ್ರೆ ಹೋಗ್ಲಿ ಅಜ್ಜ, ಇನ್ನೊಂದು ಬರುತ್ತೆ.”

ಒಂದೊಂದೇ ಮಾತ್ರೆ ಹಿಡಿದು, ಒಂದೊಂದನ್ನೂ ಕೇಳಿ, ಆಮೇಲೆ ಬರೆದೆ. ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನ ಸಹಿ ಅಷ್ಟು ನೆಟ್ಟಗೆ ಬಂದದ್ದು ಅದೇ ಮೊದಲು.