ಹೆದರಿದ ಕೈ ಸುತ್ತಿದ ಚುಟ್ಟಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಗೆಸೊಪ್ಪಿನ ಊರಾದ ಪಿನಾರ್ ದೆಲ್ ರಿಯೋದಲ್ಲಿ, ತಮ್ಮ ಅಡುಗೆಮನೆಯಲ್ಲಿ, ಎನೈದಾ ಕುದಿಯುವ ಕಾಫಿಗೆ ಕಥೆ ಓದಿ ಹೇಳುತ್ತಿದ್ದಾರೆ. ಸತ್ತ ತಂಗಿ ಬಾಗಿಲಾಚೆ ನಿಂತು ಅಕ್ಕನನ್ನು ಕರೆಯುವ ಸಾಲನ್ನು ಮತ್ತೆ ಮತ್ತೆ ಓದಿ ತಲೆ ಕೊಡವುತ್ತಾರೆ. "ಥೂ, ಇದು ಸತ್ತವಳ ದನಿ ಅಲ್ಲ, ನೆಗಡಿ ಆದವಳ ದನಿ."

ಎನೈದಾ ಚುಟ್ಟಾ ಕಾರ್ಖಾನೆಯ ಓದುಗಿತ್ತಿ. ನೂರಾರು ಕೈಗಳು ಹೊಗೆಸೊಪ್ಪು ಸುತ್ತುವಾಗ ಎತ್ತರದ ಕಟ್ಟೆಯ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುವುದು ಅವರ ಕೆಲಸ. ನಮ್ಮ ಚುಟ್ಟಾಕ್ಕೆ ಲೋಕವೆಲ್ಲ ಹೆಸರು. ಈಕೆಯ ಹೆಸರು ಪಕ್ಕದ ಬೀದಿಗೂ ಗೊತ್ತಿಲ್ಲ. ನೆನೆದರೆ ಅವರ ಬಗ್ಗೆ ಬರೆಯಲು ಬಂದ ನನಗೇ ರೇಗುತ್ತದೆ. ಕಾದಂಬರಿಯನ್ನು ಅವರು ಶಿಫಾರಸು ಮಾಡಬಹುದು, ಅಷ್ಟೆ. ಕೈಯೆತ್ತಿ ಆರಿಸುವವರು ಸುತ್ತುವವರೇ. ಓದಿದ್ದು ಹಿಡಿಸಿದರೆ ಎಲೆ ಕತ್ತರಿಸುವ ಕತ್ತಿಯಿಂದ ಮೇಜು ಕುಟ್ಟುತ್ತಾರೆ, ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆಸೆಯುತ್ತಾರೆ.

ಈ ಸಲ ಎನೈದಾ ಹಟ ಹಿಡಿದದ್ದು ಹರೆಯದವರಿಗೆಂದೇ ಬರೆದ, ಮೈ ಜುಮ್ಮೆನ್ನಿಸುವ 'ಉಪ್ಪಿನ ಬಾವಿ' ಎಂಬ ಕಾದಂಬರಿಗೆ. ಕೆಲಸ ಕಲಿಯಲು ಬಂದ ಹುಡುಗ ಹುಡುಗಿಯರು ಕಿವಿಗೆ ಇಯರ್‌ಫೋನ್ ತುರುಕಿಕೊಂಡೇ ಕೂರುತ್ತಿದ್ದರು. "ಇವ್ರು ಕೇಳ್ದೆ ಇದ್ರೆ ನಾನು ಯಾರಿಗೆ ಓದ್ಲಿ? ನನ್ನ ಕುರ್ಚಿ ಗುಜರಿಗೆ ಹೋಗತ್ತೆ ಅಷ್ಟೆ" ಎನ್ನುತ್ತಾರೆ.

ಹಿರಿಯರಿಗೆ ಪ್ರೇಮಕಥೆಯೇ ಆಗಬೇಕು. ಮುಂದಿನ ಸಾಲಿನ ಸೊರೈದಾ ಮೊದಲ ದಿನವೇ ಗುಡುಗಿದರಂತೆ: "ದೆವ್ವ ಗಿವ್ವ ಯಾಕೇ ಮಾರಾಯ್ತಿ? ಮದುವೆ ಆಗೋ ಕಥೆ ಓದು."

"ಮದುವೆ ಆದ್ಮೇಲೆ ಏನಾಗತ್ತೆ ಅಂತ ನಿಂಗೊತ್ತಿಲ್ವೇನೇ? ಅದಕ್ಕಿಂತ ದೆವ್ವ ವಾಸಿ" ಎಂದರು ಎನೈದಾ.

ಎಳೆಯರ ಮತದಿಂದ ಪುಸ್ತಕ ಗೆದ್ದಿತು. ಎರಡನೆಯ ಅಧ್ಯಾಯಕ್ಕೆ ಇಯರ್‌ಫೋನುಗಳು ಜೇಬು ಸೇರಿದವು.

ತೊಂದರೆ ಬೇರೆ ಕಡೆಯಿಂದ ಬಂತು. ಕಥೆಯ ಸತ್ತ ತಂಗಿ ಬಾವಿಯಿಂದ ಎದ್ದು ಅಕ್ಕನ ಬಾಗಿಲಿನತ್ತ ಬರುವ ಪುಟ ಓದಿದ ದಿನ ಭಯಕ್ಕೆ ಎಲ್ಲರ ಕೈ ಬಿಗಿಯಾಯಿತು. ಬಿಗಿಯಾಗಿ ಸುತ್ತಿದ ಚುಟ್ಟಾದಲ್ಲಿ ಎಷ್ಟು ಎಳೆದರೂ ಹೊಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ರಾಶಿ ರಾಶಿ ಚುಟ್ಟಾ ವಾಪಸಾದವು. ಮೇಲ್ವಿಚಾರಕ ಓಸ್ಮೆಲ್ ಓಡಿ ಬಂದರು. "ಅಕ್ಕಾ, ಆ ಪುಸ್ತಕ ಮುಚ್ಚಿಬಿಡಿ. ಇಲ್ಲಾಂದ್ರೆ ನನ್ನ ತಲೆ ಹೋಗತ್ತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಸುತ್ತೋ ಕೈ ಅವರ್ದು, ತಪ್ಪು ನನ್ನ ಬಾಯಿದಾ?" ಎಂದು ಎನೈದಾ ಈಗಲೂ ಸಿಡುಕುತ್ತಾರೆ.

ಪುಸ್ತಕ ನಿಂತಿತು. ಮರುದಿನದ ಪ್ರೇಮಕಥೆಗೆ ಕತ್ತಿಗಳು ಟಣಟಣನೆ ನೆಲಕ್ಕೆ ಬಿದ್ದವು. ಮೊದಲು ಎಸೆದವರು ಸೊರೈದಾ! "ಲೋ ಓಸ್ಮೆಲ್, ಆ ಅಕ್ಕ ಬಾಗಿಲು ತೆಗೀತಾಳೋ ಇಲ್ವೋ ತಿಳೀದೆ ಗಂಟಲಲ್ಲಿ ಅನ್ನ ಇಳೀತಿಲ್ಲ ಕಣೋ. ಭಯದ ಪುಟ ಬಂದಾಗ ಇವಳು ಹೇಳ್ಲಿ, ಕೈ ಕೆಳಗಿಡ್ತೀವಿ. ಕೆಟ್ಟ ಚುಟ್ಟಾ ಸುತ್ತೋದಕ್ಕಿಂತ ಸುತ್ತದೇ ಇರೋದು ವಾಸಿ." ಓಸ್ಮೆಲ್ ಹಣೆ ಚಚ್ಚಿಕೊಂಡು ಒಪ್ಪಿದರು. ಬಾಗಿಲಿನ ಚಿಂತೆ ಅವರಿಗೂ ಇತ್ತೆಂದು ಕಾಣುತ್ತದೆ.

ಇಂದು ಕಾರ್ಖಾನೆಯಲ್ಲಿ ಕೊನೆಯ ಅಧ್ಯಾಯ. ತಂಗಿ ಬಾಗಿಲು ತಟ್ಟುತ್ತಾಳೆ. ಎನೈದಾ ಕನ್ನಡಕದ ಮೇಲಿಂದ ನೋಡಿ ಗದರುತ್ತಾರೆ: "ಕೈ ಕೆಳಗೆ!" ಎಳೆಯರು, ಹಿರಿಯರು, ಎಲ್ಲರೂ ಎಲೆ ಬಿಟ್ಟು ಕೂರುತ್ತಾರೆ. ಕಂಬದ ಹಿಂದೆ ಓಸ್ಮೆಲ್ ಕೂಡ ನಿಂತಿದ್ದಾರೆ.

ಮುಂದೇನು ಆಸೆ ಎಂದು ಆಮೇಲೆ ಕೇಳುತ್ತೇನೆ. "ಇಂಥದ್ದೇ ಇನ್ನೊಂದು ಪುಸ್ತಕ ಸಿಗ್ಬೇಕು. ಮತ್ತೆ ಇವರ ಜೊತೆ ಜಗಳ ಆಡ್ಬೇಕು, ಕರ್ಮ" ಎಂದು ಗೊಣಗುತ್ತಾರೆ. ಪುಸ್ತಕವನ್ನು ಚೀಲಕ್ಕೆ ತುರುಕುತ್ತಾ ಹೇಳುತ್ತಾರೆ: "ಚಂಡಮಾರುತಕ್ಕೆ ಕಾರ್ಖಾನೆ ಸೂರಿನ ತಗಡು ಹಾರಿಹೋದಾಗ್ಲೂ ಈ ಜನ ಕೈ ನಿಲ್ಸಿರ್ಲಿಲ್ಲ. ಇವತ್ತು ನಾನು ನಿಲ್ಸಿದೆ."